ಮುಸುಕು ಹಾಕಿದ ಕನ್ನಡಿ

ಸಲ್ತನತ್ ಒಲೆಯ ಬೂದಿ ಬಾಚುತ್ತಿದ್ದಾಗ ಒಳಕೋಣೆಯಿಂದ ನೆರೆಮನೆಯ ಕುಲ್ಯಾಶಜ್ಜಿ ಕರೆದಳು. ಅತ್ತೆ ಬಾತಿಮಾಳ ಶವಕ್ಕೆ ಸ್ನಾನ ಮಾಡಿಸಲು ನೆರೆಯ ಹೆಂಗಸರು ಸೇರಿದ್ದರು.

"ಸೊಸೆ, ಆ ಕನ್ನಡಿ ಇನ್ನೊಂದ್ಸಲ ತಾರೆ."

"ಡಾಕ್ಟ್ರು ನೋಡ್ಕೊಂಡು ಹೋದ್ರಲ್ಲ, ಅಜ್ಜಿ."

"ಇವಳ ಆಟ ಅವರಿಗೇನು ಗೊತ್ತು? ತಾ."

ಸಾವಿನ ಮನೆಯೆಂದು ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿತ್ತು. ಸಲ್ತನತ್ ಅದನ್ನು ಬಿಚ್ಚಿ ತಂದಳು. ಅಜ್ಜಿ ಅದನ್ನು ಬಾತಿಮಾಳ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕಾದಳು. ಗಾಜು ಮಸುಕಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಏಳು ವರ್ಷದ ಮಗಳು ನಾಜಿಮ್ ಸತ್ತ ಅಜ್ಜಿಯನ್ನು ನೋಡುತ್ತಿರಲಿಲ್ಲ, ಕನ್ನಡಿಯನ್ನೇ ನೋಡುತ್ತಿದ್ದಳು.

*

ನಾಜಿಮ್ ತೊಟ್ಟಿಲಲ್ಲಿದ್ದಾಗಿನ ಮಾತು. ಮದುವೆಯೊಂದರಲ್ಲಿ ಯಾರೋ ಆಡಿದ ತಮಾಷೆಗೆ ನಗುತ್ತ ನಗುತ್ತಲೇ ಬಾತಿಮಾ ಕುಸಿದುಬಿದ್ದಳು. ಹೋದಳೆಂದು ಹೆಂಗಸರು ಗೋಳಿಟ್ಟರು. ಒಬ್ಬಳು ಗಲ್ಲಕ್ಕೆ ಬಟ್ಟೆ ಕಟ್ಟಲೂ ತೊಡಗಿದಳು. ಸ್ವಲ್ಪ ಹೊತ್ತಿಗೆ ಬಾತಿಮಾ ತಾನೇ ಎದ್ದು ಗಂಟು ಬಿಚ್ಚಿದಳು.

"ಎಲ್ಲಾ ಕೇಳಿಸ್ತಿತ್ತು ಕಣೆ," ಎಂದಳು ಸೊಸೆಗೆ. "ನಾಲಿಗೆ ಮಾತ್ರ ನನ್ನ ಮಾತು ಕೇಳ್ಲಿಲ್ಲ."

ಕರಗಂಡ ಪಟ್ಟಣದ ವೈದ್ಯೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹಗಲುನಿದ್ದೆಯೆಲ್ಲ ಒಂದೇ ಅಲ್ಲ. ರಾತ್ರಿ ನಿದ್ದೆಗೆಟ್ಟು ಬರುವುದು ಒಂದು, ಗೊರಕೆಯ ನಡುವೆ ಉಸಿರು ಕಟ್ಟಿ ಬರುವುದು ಇನ್ನೊಂದು. ಇದು ಮಿದುಳಿನಿಂದಲೇ ಬಂದದ್ದು, ಹೆಸರು ನಾರ್ಕೊಲೆಪ್ಸಿ. ಅದರಲ್ಲೂ ನಕ್ಕರೆ ಮೈ ಸೋಲುವ ಮೊದಲನೆಯ ಬಗೆ.

"ಸೋಮಾರಿತನ ಎಷ್ಟನೇ ಬಗೆ, ಡಾಕ್ಟ್ರೇ?" ಎಂದು ಬಾತಿಮಾ ಕೇಳಿದಳು.

"ಅದು ಇದರಲ್ಲಿ ಬರೋದೇ ಇಲ್ಲಮ್ಮ."

ಹುಲ್ಲು ಒಟ್ಟುವಲ್ಲಿ, ಹಾಲು ಕರೆಯುವಲ್ಲಿ ತೂಕಡಿಸಿ ಜೀವಮಾನವೆಲ್ಲ ಬೈಸಿಕೊಂಡವಳು, ಬಸ್ಸಿನುದ್ದಕ್ಕೂ ಅತ್ತಳು. ಮನೆ ಹತ್ತಿರ ಬಂದಾಗ ಸೊಸೆಯ ಕೈ ಹಿಡಿದು, ಹೂಳುವ ಮುಂಚೆ ಕನ್ನಡಿ ಹಿಡಿದು ನೋಡಬೇಕೆಂದು ಮಾತು ತೆಗೆದುಕೊಂಡಳು.

*

ಗಂಡಸರು ಶವ ಹೊತ್ತು ದಿಬ್ಬದ ಕಡೆಗೆ ನಡೆದರು. ಹೆಂಗಸರು ಅಂಗಳದಲ್ಲೇ ಉಳಿದರು. ಅತ್ತೆಗೆ ಈಗಲೂ ಎಲ್ಲ ಕೇಳಿಸುತ್ತಿದ್ದರೆ ಎಂಬ ಯೋಚನೆ ಸಲ್ತನತ್‌ಳ ತಲೆಯಿಂದ ಹೋಗಲಿಲ್ಲ. ಅವಳು ಎಣ್ಣೆಯಲ್ಲಿ ಕರಿದ ರೊಟ್ಟಿಯನ್ನು ಚಹಾದ ಜೊತೆ ಬಡಿಸಿದಳು.

"ಒಂದ್ಸಲ ಹಾಲು ಕರೀತಾ ಹಸುವಿನ ಹೊಟ್ಟೆಗೆ ಒರಗಿ ಮಲಗಿಬಿಟ್ಟಿದ್ಲು," ಎಂದಳು ಕುಲ್ಯಾಶಜ್ಜಿ. "ಎದ್ದಾಳು ಅಂತ ಹಸುವೂ ಅಲ್ಲಾಡ್ಲಿಲ್ಲ. ಆ ಹಸುವಿಗಿದ್ದ ಮರ್ಯಾದೆ ಅವಳ ಗಂಡನಿಗಿರ್ಲಿಲ್ಲ."

ಅಳುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾಜಿಮಳೂ ನಕ್ಕಳು. ಕೈಯಲ್ಲಿದ್ದ ಬಟ್ಟಲು ಜಾರಿತು, ಗಲ್ಲ ಜೋತಿತು, ಮಂಡಿ ಮಡಚಿತು. ಸಲ್ತನತ್ ಓಡಿಹೋಗಿ ಹಿಡಿದುಕೊಂಡಳು.

ಪಾಪ, ರಾತ್ರಿಯೆಲ್ಲ ನಿದ್ದೆಯಿಲ್ಲ ಮಗುವಿಗೆ, ಎಂದರು ಹೆಂಗಸರು. ಹೌದು ಎಂದಳು ಸಲ್ತನತ್. ಶಾಲೆಯಲ್ಲಿ ಮಲಗುತ್ತಾಳೆಂದು ಟೀಚರು ದೂರಿದಾಗಲೂ ಅವಳು ಹೀಗೇ ಏನೋ ಹೇಳಿ ಮುಗಿಸಿದ್ದಳು. ಮಗಳು ಈಚೆಗೆ ತುಟಿ ಕಚ್ಚಿ ನಗು ತಡೆಯುವುದನ್ನೂ ಕಂಡಿದ್ದಳು. ಕಂಡು, ಬೇರೆ ಕಡೆ ನೋಡಿದ್ದಳು.

ಒಳಗೆ ಒಯ್ದು ಮಲಗಿಸಿದಳು. ಮಗುವಿನ ಕಣ್ಣು ತೆರೆದೇ ಇತ್ತು. ಅದು ಅವಳನ್ನೇ ನೋಡುತ್ತಿತ್ತು. ಸಲ್ತನತ್ ತನಗರಿವಿಲ್ಲದೆಯೇ ಮಗಳ ಮೂಗಿನ ಕೆಳಗೆ ಬೆರಳಿಟ್ಟಳು. ಉಸಿರು ಬೆಚ್ಚಗಿತ್ತು.

ಸ್ವಲ್ಪ ಹೊತ್ತಿಗೆ ನಾಜಿಮಳ ತುಟಿ ಅಲುಗಿತು. ಅವಳು ಮೆಲ್ಲನೆ ಎದ್ದು, ಗೋಡೆಗೆ ಮತ್ತೆ ತೂಗುಹಾಕಿದ್ದ ಕನ್ನಡಿಯ ಮುಸುಕನ್ನು ಎಳೆದುಹಾಕಿ, ಅದನ್ನು ತಂದು ತಾಯಿಯ ಮಡಿಲಲ್ಲಿಟ್ಟಳು.

"ಅಮ್ಮಾ, ನನಗೂ ಇದನ್ನ ಹಿಡಿದು ನೋಡ್ತೀಯ ತಾನೆ?"