ನದಿಗೆ ನೀಲಿ ಹಾಕಿದವನು

ಮೇಯರ್ ಆದ ಮೇಲೆ ಅವನು ಅಕ್ಕನ ಮನೆಯ ಹೊಸಿಲು ತುಳಿದವನೇ ಅಲ್ಲ. ಹೀಗಾಗಿ ಆ ಬೆಳಿಗ್ಗೆ ಕಾರಿನಿಂದಿಳಿದು, "ಅಕ್ಕಾ, ಟೀ ಇದೆಯೇನೇ?" ಎನ್ನುತ್ತ ನೇರ ಅಡುಗೆಮನೆಗೇ ನುಗ್ಗಿದಾಗ ಅಕ್ಕನಿಗೆ ಕೈಕಾಲೇ ಆಡಲಿಲ್ಲ. ಅವಳ ಗಂಡ ಮಾತ್ರ ಕಿಟಕಿಯ ಪಕ್ಕ ಕೂತವನು ಕೂತೇ ಇದ್ದ. ತನ್ನ ಶೆಡ್ಡಿಗೆ ಬೀಗ ಜಡಿಸಿದ ಬಾಮೈದನಿಗೆ ಎದ್ದು ನಿಂತು ಮರ್ಯಾದೆ ಕೊಡುವಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಊರು ಈ ಭಾವನನ್ನು ನೀಲಿಕೈ ಎಂದೇ ಕರೆಯುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಕಸುಬು. ಬಣ್ಣ ಮೊಣಕೈವರೆಗೆ ಚರ್ಮದೊಳಗೇ ಇಳಿದುಬಿಟ್ಟಿತ್ತು. ಶೆಡ್ಡು ಮುಚ್ಚಿ ವರ್ಷಗಳಾದರೂ ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವರು ತಮ್ಮ ಕೈಯನ್ನು ಅಷ್ಟು ದೂರ ಸರಿಸುತ್ತಿದ್ದರು. ದಿನಾ ಬೆಳಿಗ್ಗೆ ಎದ್ದು ಅವನು ನದಿ ದಂಡೆಗೆ ಹೋಗಿ, ಶೆಡ್ಡಿನ ಬೀಗವನ್ನೊಮ್ಮೆ ಅಲ್ಲಾಡಿಸಿ, ಬೈದು, ಮನೆಗೆ ಬರುತ್ತಿದ್ದ. ಇನ್ನೊಂದು ಸಲ ತೊಟ್ಟಿ ತುಂಬಿಸಿ, ಒಂದು ಥಾನು ಬಟ್ಟೆ ಅದ್ದಿ ತೆಗೆದು ಸತ್ತರೆ ಸಾಕು ಎನ್ನುವುದೊಂದೇ ಅವನ ಆಸೆ.

ಮೇಯರ್‌ನ ಸಾಧನೆ ಊರಿನ ಗೋಡೆಗೋಡೆಯ ಮೇಲೂ ಇತ್ತು: ನದಿ ತೊಳೆದೆ, ಕೈಗೆ ಕೆಲಸ ಕೊಟ್ಟೆ. ತೊಳೆದದ್ದು ಎಂದರೆ ದಂಡೆಯ ಬಣ್ಣದ ಶೆಡ್ಡುಗಳನ್ನೆಲ್ಲ ಮುಚ್ಚಿಸಿದ್ದು. ಕೆಲಸ ಕೊಟ್ಟದ್ದು ಎಂದರೆ ಅದೇ ನದಿಯ ಮೇಲ್ಭಾಗದಲ್ಲಿ ಬ್ಯಾಟರಿ ಕಾರ್ಖಾನೆ ತಂದದ್ದು. ಹೊಗೆ ಬಿಡದ ಗಾಡಿಗಳಿಗೆ ಬ್ಯಾಟರಿ, ಆದ್ದರಿಂದ ಗೇಟಿನ ಮೇಲೆ ಹಸಿರು ಎಲೆಯ ಚಿತ್ರ. ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಪೂರ್ತಿ ಸುಳ್ಳಲ್ಲ. ಶೆಡ್ಡುಗಳಿದ್ದಾಗ ನದಿ ಒಂದು ದಿನ ಕೆಂಪಗೆ, ಒಂದು ದಿನ ಕಪ್ಪಗೆ ಹರಿಯುತ್ತಿತ್ತು, ಮೀನು ಬದುಕುತ್ತಿರಲಿಲ್ಲ. ಈಗ ಆ ಬಣ್ಣಗಳಿಲ್ಲ. ಹಳೇ ಬನಿಯನ್ನಿನ ಹಾಗೆ ಒಂದು ಹಳದಿ ಛಾಯೆ, ಅಷ್ಟೆ. ಮೀನು ಈಗಲೂ ಬದುಕುವುದಿಲ್ಲ, ಅದನ್ನು ಗೋಡೆಯ ಮೇಲೆ ಯಾರೂ ಬರೆಸುವುದಿಲ್ಲ. ಶೆಡ್ಡಿನವರಲ್ಲಿ ಬಹಳ ಮಂದಿ ಕಾರ್ಖಾನೆ ಸೇರಿ, ಸಂಜೆ ಕೆಮ್ಮುತ್ತ ಮನೆಗೆ ಬರುತ್ತಿದ್ದರು. ಸಂಬಳ ತಪ್ಪುತ್ತಿರಲಿಲ್ಲ, ಹಾಗಾಗಿ ಕೆಮ್ಮಿನ ಮಾತು ಯಾರೂ ಎತ್ತುತ್ತಿರಲಿಲ್ಲ.

ಮೇಯರ್ ಟೀ ಲೋಟ ಹಿಡಿದು ಭಾವನ ಎದುರಿಗೆ ನೆಲದ ಮೇಲೇ ಕೂತ.

"ಭಾವ, ಬಿಳಿ ಬಟ್ಟೆ ಹಳದಿಗೆ ತಿರುಗಿದ್ರೆ ಏನ್ ಮಾಡ್ತಿದ್ರಿ?"

"ಒಂದು ಚೂರು ನೀಲಿ ಹಾಕ್ತಿದ್ದೆ. ಕಣ್ಣಿಗೆ ಬೆಳ್ಳಗೆ ಕಾಣುತ್ತೆ. ನಿಂಗೊತ್ತಿಲ್ವಾ? ನನ್ನ ಶೆಡ್ಡಲ್ಲೇ ಬಿದ್ದು ಬೆಳೆದೋನು."

"ನದಿಗೂ ಹಾಕಿ."

ಭಾನುವಾರ ಸ್ವಚ್ಛ ನದಿ ಪ್ರಶಸ್ತಿಯ ಸಮಿತಿ ಬರಲಿತ್ತು, ಅದರ ಬೆನ್ನಿಗೇ ಚುನಾವಣೆ. ಮೆಟ್ಟಿಲುಗಳ ಹತ್ತಿರ ಗಿಡ್ಡ ಅಣೆಯೊಂದು ನೀರನ್ನು ತಡೆದು ಮಡುವಿನಂತೆ ನಿಲ್ಲಿಸಿತ್ತು. ಆ ಮಡು ಒಂದು ಬೆಳಿಗ್ಗೆಯ ಮಟ್ಟಿಗೆ ತಿಳಿಯಾಗಿ ಕಂಡರೆ ಸಾಕು. "ರಾಸಾಯನಿಕ ಬೇಡ ಭಾವ, ಪರೀಕ್ಷೆ ಮಾಡಿದ್ರೆ ಸಿಕ್ಕಿಬೀಳ್ತೀವಿ. ಹೂವಿನ ನೀಲಿ ಹಾಕಿ. ಅಟ್ಟದ ಮೇಲೆ ಒಣಗಿಸಿದ ಹೂವು ಮೂಟೆಗಟ್ಟಲೆ ಇಟ್ಟಿದೀರಂತೆ, ಅಕ್ಕ ಹೇಳಿದಾಳೆ. ಇದೊಂದು ಮಾಡಿಕೊಡಿ, ನಿಮ್ಮ ಶೆಡ್ಡಿನ ಬೀಗ ನಾನೇ ಬಂದು ತೆಗೀತೀನಿ."

ನೀಲಿಕೈ ಕಿಟಕಿ ಬಿಟ್ಟು ಈ ಕಡೆ ತಿರುಗಿದ. ಶೆಡ್ಡು! ಆದರೂ ಕಸುಬುದಾರ ನೋಡಿ, ಬಾಯಿಗೆ ಮೊದಲು ಬಂದದ್ದು ಕಸುಬಿನ ಮಾತೇ. "ಹೂವಿನ ನೀಲಿಗೆ ಹುಳಿ ಸೋಕಬಾರ್ದು ಕಣೋ. ಸೋಕಿದ್ರೆ ಕೆಂಪು. ನಿನ್ನ ಕಾರ್ಖಾನೆ ನೀರು ಬರೀ ಆಸಿಡ್ಡು."

"ಅದನ್ನ ನನಗೆ ಹೇಳ್ತೀರಾ!" ಎಂದು ಮೇಯರ್ ನಕ್ಕ. ಅಕ್ಕನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಮನೆಯ ಹಳೇ ತಮಾಷೆ ಅದು. ಕಾಲೇಜು ಓದುವಾಗ ಈ ಬಾಮೈದ ಬೇಕೆಂತಲೇ ನೀಲಿ ತೊಟ್ಟಿಗೆ ನಿಂಬೆಹಣ್ಣು ಹಿಂಡಿದ್ದ. ಬಟ್ಟೆಯೆಲ್ಲ ಕೆಂಪಾಗಿತ್ತು. ನೀಲಿಕೈ ಹಿಂದೆಮುಂದೆ ನೋಡದೆ ತೊಟ್ಟಿಯಲ್ಲಿ ಕೈಯಿಟ್ಟು ನಿಂತಿದ್ದ ಕುಳ್ಳ ಕೆಲಸಗಾರನ ಕೆನ್ನೆಗೆ ಬಾರಿಸಿ, ಆಗಲೇ ಕೆಲಸದಿಂದ ಓಡಿಸಿದ್ದ. ನಿಂಬೆಹಣ್ಣಿನ ಕಥೆ ಹೊರಬಿದ್ದದ್ದು ಎಷ್ಟೋ ಕಾಲದ ಮೇಲೆ, ಊಟಕ್ಕೆ ಕೂತಾಗ. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಕುಳ್ಳನನ್ನು ಹುಡುಕಿಸಿ ಕರೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಭಾನುವಾರ ಕಾರ್ಖಾನೆ ಒಂದು ಹನಿ ನೀರು ಬಿಡಲ್ಲ ಭಾವ. ತೂಬಿನ ಕೀಲಿ ನನ್ನ ಜೇಬಲ್ಲೇ ಇರುತ್ತೆ. ಅಕ್ಕನ ಮೇಲಾಣೆ." ಅವನು ಅಕ್ಕನ ತಲೆಯ ಮೇಲೆ ಕೈಯಿಟ್ಟ. ಅಕ್ಕ ಹಿರಿಹಿರಿ ಹಿಗ್ಗಿದಳು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನೀಲಿಕೈ ಮೆಟ್ಟಿಲ ಮೇಲಿದ್ದ. ಹೂವು ಕುದಿಸಿದ ನೀರನ್ನು ಪಾಲಿಕೆಯ ಟ್ಯಾಂಕರಿನಲ್ಲೇ ತಂದಿದ್ದರು. ಅವನು ಬೊಗಸೆಯಲ್ಲಿ ನದಿಯ ನೀರೆತ್ತಿ ನಾಲಿಗೆಗೆ ಮುಟ್ಟಿಸಿದ. ತೊಟ್ಟಿಯ ನೀರನ್ನು ಬಣ್ಣದವರು ನೋಡುತ್ತಿದ್ದುದೇ ಹಾಗೆ. ಹುಳಿಯಿಲ್ಲ, ಚಪ್ಪೆ. ಬಾಮೈದ ಮಾತಿಗೆ ತಪ್ಪಿರಲಿಲ್ಲ. ಪೈಪು ಹಿಡಿದು ಇಷ್ಟಿಷ್ಟೇ ಬಿಟ್ಟ, ಬಿದಿರಿನಿಂದ ಕಲಕಿದ, ಮತ್ತಷ್ಟು ಬಿಟ್ಟ. ಹಳದಿ ಮೆಲ್ಲಗೆ ಸತ್ತಿತು. ಮಡು ಆಕಾಶವನ್ನೇ ಹಾಸಿದಂತೆ ತಿಳಿಯಾಯಿತು. ಇಷ್ಟು ದೊಡ್ಡ ತೊಟ್ಟಿಗೆ ಯಾವ ಬಣ್ಣಗಾರನೂ ಕೈಯಿಟ್ಟಿರಲಾರ ಎನಿಸಿ ಅವನಿಗೆ ಅಳುವೇ ಬಂತು. ಮೋಸದ ಕೆಲಸ ಎನ್ನುವುದು ಮರೆತೇಹೋಗಿತ್ತು.

"ಕೆಲಸ ಮುಗೀತಲ್ಲ, ಇನ್ನು ಮನೆಗೆ ಹೋಗಿ ಭಾವ," ಎಂದ ಮೇಯರ್.

ಅವನು ಹೋಗಲಿಲ್ಲ. ಪೂರ್ತಿ ಬಿಸಿಲಿನಲ್ಲಿ ಬಣ್ಣ ನೋಡದೆ ತೊಟ್ಟಿ ಬಿಟ್ಟು ಕದಲಬಾರದು ಎನ್ನುವುದು ಬಣ್ಣದವರ ಕಟ್ಟಳೆ. ಜ್ವರವಿದ್ದರೂ, ಮನೆಯಲ್ಲಿ ಹೆರಿಗೆಯಾಗುತ್ತಿದ್ದರೂ ಅವರು ನಿಂತು ನೋಡಿಯೇ ಹೋಗುತ್ತಿದ್ದರು. ಬಾಮೈದನಿಗೂ ಅದನ್ನು ಕಲಿಸಿದವನು ಅವನೇ. ಖಾಲಿ ಮೂಟೆಗಳನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲ ಪಕ್ಕದ ಗೋಡೆಯ ಮರೆಯಲ್ಲಿ ನಿಂತ.

ಬಿಸಿಲೇರಿತು. ಸಮಿತಿಯವರು ಬಂದರು, ಕ್ಯಾಮೆರಾಗಳು ಬಂದವು, ರಜೆಯ ದಿನವೆಂದು ಕಾರ್ಖಾನೆಯವರನ್ನೂ ಬಸ್ಸುಗಳಲ್ಲಿ ತುಂಬಿ ತಂದರು. ಸಮಿತಿಯ ಹೆಂಗಸೊಬ್ಬಳು, "ಆಹಾ, ಎಂಥಾ ನೀರು!" ಎಂದಳು. ನೀಲಿಕೈ ಗೋಡೆಯ ಮರೆಯಲ್ಲೇ ಮದುಮಗನ ಹಾಗೆ ನಾಚಿಕೊಂಡ.

ಆಗ ಮಡುವಿನ ಮೇಲಿನ ತುದಿಯಲ್ಲಿ ನೀಲಿ ನೇರಳೆಯಾಯಿತು. ನೇರಳೆ ಹಿಗ್ಗುತ್ತ ಬಂತು, ಅದರ ಹಿಂದೆಯೇ ಕೆಂಪು. ನೋಡನೋಡುತ್ತ ಮೆಟ್ಟಿಲ ಬುಡದವರೆಗೆ ನದಿ ಕಡುಗೆಂಪಾಗಿ ನಿಂತಿತು. ಜನ ಹೋ ಎಂದರು. ಎಲ್ಲರೂ ನೀರು ನೋಡುತ್ತಿದ್ದರು; ಮೇಯರ್ ಒಬ್ಬ ನೋಡಲಿಲ್ಲ. ಅವನು ತಿರುಗಿ ನೇರವಾಗಿ ಗೋಡೆಯ ಕಡೆ ಬೆರಳು ಚಾಚಿದ. ಆ ಬೆರಳು ಕಂಡಾಗಲೇ ನೀಲಿಕೈಗೆ ಎಲ್ಲ ತಿಳಿದುಹೋಯಿತು. ಖಾಲಿ ಮೂಟೆಗಳು ಇನ್ನೂ ಕಂಕುಳಲ್ಲೇ ಇದ್ದವು.

"ಹಿಡೀರಿ ಅವನ್ನ! ನೋಡಿ ಆ ಕೈ! ಇದಕ್ಕೇ ನಾನು ಶೆಡ್ಡು ಮುಚ್ಚಿಸಿದ್ದು! ನನ್ನ ಸ್ವಂತ ಅಕ್ಕನ ಗಂಡ. ಆದ್ರೆ ನದಿ ವಿಷಯದಲ್ಲಿ ನನಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ!"

ಚಪ್ಪಾಳೆ ಬಿತ್ತು. ಜನ ನೀಲಿಕೈಯ ತೋಳುಗಳನ್ನು ಮೇಲಕ್ಕೆತ್ತಿ ಕ್ಯಾಮೆರಾಗಳಿಗೆ ತೋರಿಸಿದರು. ಅವನು "ತೂಬು, ತೂಬು" ಎಂದು ಕೂಗಿದ್ದು ಪಕ್ಕದಲ್ಲಿದ್ದವನಿಗೂ ಕೇಳಿಸಲಿಲ್ಲ. ಮೊದಲ ಏಟು ಕೊಟ್ಟವನು ಆ ಕುಳ್ಳ; ಈಗ ಬ್ಯಾಟರಿ ಕಾರ್ಖಾನೆಯಲ್ಲಿದ್ದ. ಕೆಮ್ಮುತ್ತಲೇ ಕೊಟ್ಟ. ಆಮೇಲಿನ ಏಟುಗಳು ಯಾರವೆಂದು ನೀಲಿಕೈ ನೋಡಲಿಲ್ಲ.

ಮಾರನೆಯ ದಿನ ಮೇಯರ್ ಪೊಲೀಸ್ ಠಾಣೆಗೆ ಬಂದ. ಸೆಲ್ಲಿನೊಳಗೆ ಭಾವನ ಎದುರಿಗೆ, ಮನೆಯಲ್ಲಿ ಕೂತ ಹಾಗೇ ನೆಲದ ಮೇಲೆ ಕೂತ.

"ಪ್ರಶಸ್ತಿ ಬಂತು ಭಾವ. ಹೊಸ ವಿಭಾಗಾನೇ ಮಾಡಿದ್ರಂತೆ, ನದಿ ರಕ್ಷಣೆಯಲ್ಲಿ ಧೈರ್ಯಕ್ಕೆ."

"ನಿನ್ನಕ್ಕನ ಮೇಲೆ ಆಣೆ ಇಟ್ಯಲ್ಲೋ."

"ಕೀಲಿ ಜೇಬಲ್ಲೇ ಇರುತ್ತೆ ಅಂದಿದ್ದೆ. ಇತ್ತು. ಹೊತ್ತಿಗೆ ಸರಿಯಾಗಿ ತೂಬು ತೆಗೆಯೋಕೆ ಕೊಟ್ಟು ಕಳಿಸಿದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. "ತಿಳಿನೀರು ತೋರಿಸಿದ್ರೆ ಒಂದು ದಿನದ ಸುದ್ದಿ ಭಾವ. ನದಿ ಕೆಡಿಸೋನನ್ನ ಹಿಡಿದು ತೋರಿಸಿದ್ರೆ ವೋಟು. ಹುಳಿ ಹಿಂಡಿದೋನ ಕೈ ಯಾರೂ ನೋಡಲ್ಲ, ಬಣ್ಣ ಹತ್ತಿದ ಕೈಗೇ ಏಟು. ನಿಮ್ಮ ಶೆಡ್ಡಲ್ಲಿ ನಿಂತು ಕಲಿತಿದ್ದು ಅದೊಂದೇ. ಬೇರೆ ಕಸುಬು ನನಗೆ ಹತ್ತಲಿಲ್ಲ ನೋಡಿ."

ನೀಲಿಕೈಗೆ ಅವನ ಕತ್ತು ಹಿಚುಕಬೇಕೆನಿಸಿತು. ಕುಳ್ಳನ ಕೆನ್ನೆ ನೆನಪಾಗಿ ಕೈ ಮೇಲೇಳಲಿಲ್ಲ.

"ದ್ವೇಷಕ್ಕೆ ಮಾಡಿದೆ ಅಂತ ಒಪ್ಕೊಂಡುಬಿಡಿ, ಕೇಸು ಬಿಡಿಸ್ತೀನಿ. ಶೆಡ್ಡಿನ ಬೀಗಾನೂ ತೆಗೀತೀನಿ. ಆಣೆ ಅಂದ್ರೆ ಆಣೆ."

ನೀಲಿಕೈ ಒಪ್ಪಿಕೊಂಡ. ಮನೆಗೆ ಬಂದ ಗಂಡನ ಬೆನ್ನಿಗೆ ಶಾಖ ಕೊಡುತ್ತ ಹೆಂಡತಿ ಬಹಳ ಹೊತ್ತು ಯೋಚಿಸಿ, "ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದ. ಸುಳ್ಳಾಣೆ ಆಗಿದ್ರೆ ನಾನು ಇಷ್ಟೊತ್ತಿಗೆ ಸತ್ತಿರಬೇಕಿತ್ತಲ್ಲಾ? ಏನೋ ಹೆಚ್ಚುಕಮ್ಮಿ ಆಗಿದೆ ಬಿಡಿ," ಎಂದಳು. ಅವನು ಗೋಡೆಯ ಕಡೆ ಮಗ್ಗುಲಾದ.

ಚುನಾವಣೆ ಗೆದ್ದ ಮೇಲೆ ಮೇಯರ್ ತಾನೇ ಬಂದು ಬೀಗ ತೆಗೆದ. ಗೋಡೆಗೆ ಸುಣ್ಣ ಬಳಿಸಿದ್ದ, ತೊಟ್ಟಿಗಳ ಸುತ್ತ ಹಗ್ಗ ಕಟ್ಟಿಸಿದ್ದ, ಬಾಗಿಲ ಮೇಲೆ 'ನದಿಯ ಕರಾಳ ದಿನಗಳು: ವಸ್ತುಸಂಗ್ರಹಾಲಯ' ಎಂದು ಬೋರ್ಡು ಹಾಕಿಸಿದ್ದ. ಭಾವನಿಗೆ ಅಲ್ಲೇ ಒಂದು ಸ್ಟೂಲು. ಶಾಲೆಯ ಮಕ್ಕಳು ಸಾಲಾಗಿ ಬಂದಾಗ ಅವನು ಎದ್ದು, ಅಂಗಿಯ ತೋಳು ಮಡಚಿ ಕೈ ತೋರಿಸಿ, "ಈ ನದಿ ಕೆಡಿಸಿದವರು ನಾವೇ" ಎನ್ನಬೇಕು. ಆಮೇಲೆ ಗಾಜಿನ ಲೋಟದಲ್ಲಿ ಹೂವಿನ ನೀಲಿ ನೀರಿಟ್ಟು, ನಿಂಬೆಹಣ್ಣು ಹಿಂಡಿ, ಅವತ್ತು ನದಿ ಹೇಗೆ ಕೆಂಪಾಯಿತೆಂದು ಮಾಡಿ ತೋರಿಸಬೇಕು. ಹಗ್ಗ ದಾಟಿ ಯಾರೂ ತೊಟ್ಟಿಯ ಹತ್ತಿರ ಹೋಗುವಂತಿರಲಿಲ್ಲ. ಅದು ಅವನಿಗೂ ಅನ್ವಯಿಸುತ್ತಿತ್ತು.

ಒಂದು ದಿನ ಮಕ್ಕಳು ಬಂದಾಗ ನಿಂಬೆಹಣ್ಣು ಮುಗಿದಿತ್ತು.  ನೀಲಿಕೈ ಹಿಂದಿನ ಬಾಗಿಲಿಂದ ಇಳಿದು, ನದಿಯಿಂದಲೇ ಒಂದು ಮಗ್ ನೀರು ತಂದು, ಎಲ್ಲರಿಗೂ ಕಾಣುವಂತೆ ಲೋಟಕ್ಕೆ ಸುರಿದ. ನೀಲಿ ಕೆಂಪಾಯಿತು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಟೀಚರಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ನದಿ ನೀರಿಗೆ ಹುಳಿ ಎಲ್ಲಿಂದ ಬಂತೆಂದು ಯಾರಾದರೂ ಕೇಳಲಿ ಎಂದು ಕಾದ. ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರಮ್ಮ, "ಅಂಕಲ್‌ಗೆ ಥ್ಯಾಂಕ್ಸ್ ಹೇಳಿ, ಕೈ ಮಾತ್ರ ಮುಟ್ಟಬೇಡಿ," ಎಂದು ಸಾಲು ಹೊರಡಿಸಿದಳು.

ಅಂದಿನಿಂದ ಅವನು ನಿಂಬೆಹಣ್ಣು ತರಿಸುವುದನ್ನೇ ಬಿಟ್ಟ.