ಚೀಲ ಸುರಿಯುವ ಮೇಜು

"ಕೈ ತೆಗಿ ಅಲ್ಲಿಂದ!"

ಗೇಟಮ್ಮ ಹಿಂದಿನಿಂದ ಬಂದು ಆ ಹೆಂಗಸಿನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಹೆಂಗಸು ಅಡುಗೆಮನೆಯ ಮೇಲಿನ ಕಪಾಟು ತೆರೆದು ಒಳಗೆ ಕೈ ಹಾಕಿದ್ದಳು.

"ಸಕ್ಕರೆ ಡಬ್ಬಿ ತೆಗೀತಿದ್ದೆ ಅಮ್ಮ. ಹೊರಗೆ ಕೂತಿರೋರಿಗೆ ಒಂದಿಷ್ಟು ಟೀ ಮಾಡೋಣ ಅಂತ."

"ಸಕ್ಕರೆ ಅಲ್ಲಿದೆ ಅಂತ ನಿಂಗ್ಯಾರು ಹೇಳಿದ್ರು?"

ಹೆಂಗಸು ಡಬ್ಬಿ ಇಳಿಸಿಕೊಂಡು, ಮಣಿಕಟ್ಟು ಉಜ್ಜಿಕೊಳ್ಳುತ್ತ ಒಲೆಯ ಕಡೆ ತಿರುಗಿದಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವವಳು. ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಗೇಟಮ್ಮನಿಗೆ ಅವಳ ಮುಖ ಸರಿಯಾಗಿ ನೆನಪಿಗೆ ಬರಲಿಲ್ಲ. ಸೊಂಟ ಮಾತ್ರ ಚೆನ್ನಾಗಿ ನೆನಪಿತ್ತು.

ಮುಂಗೋಣೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಗೇಟಮ್ಮನ ತಂಗಿ ಮಲಗಿದ್ದಳು. ತಿಂಗಳುಗಟ್ಟಲೆ ಕಾಯಿಲೆಯಲ್ಲಿ ಸವೆದು ಸವೆದು, ಹೊದಿಕೆಯೊಳಗೆ ಮನುಷ್ಯಳಿದ್ದಾಳೋ ಇಲ್ಲವೋ ಎನ್ನುವಷ್ಟಾಗಿದ್ದಳು. ಹೆಣ ಒಯ್ಯುವ ವಾಹನ ಬರಲು ಇನ್ನೂ ತಡವಿತ್ತು. ಮನೆ ಮಾತ್ರ ಆಗಲೇ ತುಂಬಿಹೋಗಿತ್ತು. ಬಂದವರಲ್ಲಿ ನೆಂಟರೆಂದರೆ ಚಿಕ್ಕಪ್ಪನ ಮಗ ಒಬ್ಬನೇ, ಉಳಿದವರೆಲ್ಲ ಕಾರ್ಖಾನೆಯ ಹೆಂಗಸರು. ತಂಗಿಯ ಕಾಲ ಬಳಿ ನಿಂತು ಅಳುತ್ತಿದ್ದರು, ಅತ್ತು ಮೂಗೊರೆಸಿಕೊಂಡು ತಂತಮ್ಮಲ್ಲಿ ಏನೋ ಪಿಸುಗುಡುತ್ತಿದ್ದರು, ಗೇಟಮ್ಮ ಹತ್ತಿರ ಬಂದರೆ ಬಾಯಿ ಮುಚ್ಚುತ್ತಿದ್ದರು.

"ಅಕ್ಕ, ಯಾರಿವರೆಲ್ಲ?" ಚಿಕ್ಕಪ್ಪನ ಮಗ ಅವಳ ಕಿವಿಯ ಹತ್ತಿರ ಬಗ್ಗಿದ. "ಒಬ್ಬಳು ನೋಡಿದ್ರೆ ಹಿತ್ತಲ ಬಾಗಿಲ ಚಿಲಕ ಎಳೆದು ನೋಡ್ತಿದ್ಲು. ಇನ್ನೊಬ್ಬಳು ನೀನು ಮಲಗೋ ಕೋಣೆ ಯಾವುದು ಅಂತ ನನ್ನೇ ಕೇಳಿದ್ಲು."

"ನೀನೇನಂದೆ?"

"ನಂಗೊತ್ತಿಲ್ಲ ಅಂದೆ. ಏನೋ ಮಸಲತ್ತಿದೆ, ಕಣ್ಣಿಟ್ಟಿರು."

ಕಣ್ಣಿಡುವುದನ್ನು ಗೇಟಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಆತು ನಿಂತಳು. ಅಷ್ಟರಲ್ಲಿ ಇಸ್ತ್ರಿ ವಿಭಾಗದವಳು ಒಳಗೆ ಬಂದಳು. ಬಂದವಳೇ ಹೊಸ್ತಿಲ ಬಳಿ ಛತ್ರಿ ಇಡುವ ಮೇಜಿನ ಮುಂದೆ ನಿಂತು ತನ್ನ ಕೈಚೀಲವನ್ನು ಬೋರಲು ಹಾಕಿದಳು. ಬಾಚಣಿಗೆ, ಮಗುವಿನ ಒಂಟಿ ಕಾಲುಚೀಲ, ಅರ್ಧ ಮುಗಿದ ಮಾತ್ರೆಯ ಪಟ್ಟಿ, ಚಮಚ. ಎಲ್ಲವನ್ನೂ ಹಾಗೆಯೇ ಹರವಿ ಬಿಟ್ಟು, ಖಾಲಿ ಚೀಲ ಹಿಡಿದು ತಂಗಿಯ ಬಳಿ ಹೋದಳು. ಅವಳ ಹಿಂದೆ ಬಂದವಳೂ ಹಾಗೆಯೇ ಮಾಡಿದಳು. ಅವಳ ಹಿಂದಿನವಳೂ ಅಷ್ಟೇ.

ಗೇಟಮ್ಮನ ಮೈಯೆಲ್ಲ ಉರಿದುಹೋಯಿತು. ಹೆಣ ಇರುವ ಮನೆಯಲ್ಲಿ, ಅದೂ ಅವಳ ಕಣ್ಣೆದುರೇ, ಇವರು ಅವಳನ್ನು ಆಡಿಕೊಳ್ಳುತ್ತಿದ್ದಾರೆ!

*

ಗೇಟಮ್ಮ ಕಾರ್ಖಾನೆಯ ಗೇಟಿನಲ್ಲಿ ತಪಾಸಣೆ ಮಾಡುತ್ತಿದ್ದ ದಿನಗಳಲ್ಲಿ, ಸಂಜೆ ಸೈರನ್ ಕೂಗಿದೊಡನೆ ಹೆಂಗಸರು ಗೇಟಿನ ಮುಂದೆ ಸಾಲುಗಟ್ಟುತ್ತಿದ್ದರು. ಚೀಲ ಮೇಜಿನ ಮೇಲೆ ಬೋರಲು ಬೀಳಬೇಕು. ಆಮೇಲೆ ಬಿಳಿ ಕೈಗವಸು ತೊಟ್ಟ ಗೇಟಮ್ಮನ ಕೈಗಳು ಕಂಕುಳು, ಸೊಂಟ, ತೊಡೆ ಎಲ್ಲ ತಡವಿ, ಬಟ್ಟೆಯ ತುಂಡೋ ದಾರದ ಉಂಡೆಯೋ ಸಿಕ್ಕಿದರೆ ಎತ್ತಿ ಎಲ್ಲರಿಗೂ ತೋರಿಸಬೇಕು. ಕೆಲಸದಲ್ಲಿ ಅವಳು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಬಸುರಿಯ ಹೊಟ್ಟೆಯನ್ನೂ ಒತ್ತಿ ನೋಡಿದ್ದುಂಟು.

ಅಮ್ಮ ಸತ್ತ ಮೇಲೆ ತಂಗಿಗೆ ತಲೆ ಬಾಚಿದ್ದು, ಅನ್ನ ಹಾಕಿದ್ದು, ಕಾಲೇಜು ಓದಿಸಿದ್ದು ಅವೇ ಕೈಗಳು. ತಂಗಿ ಮನಸ್ಸಿನ ಕಾಯಿಲೆಗಳ ಓದು ಓದಿ ಬಂದಾಗ ಮ್ಯಾನೇಜರನ ಮುಂದೆ ಹಲ್ಲು ಗಿಂಜಿ, ಕಾರ್ಖಾನೆಯ ದವಾಖಾನೆಯಲ್ಲೇ ಕೆಲಸ ಕೊಡಿಸಿದ್ದೂ ಗೇಟಮ್ಮನೇ. ನಿದ್ದೆ ಬಾರದವರು, ಕೈ ನಡುಗುವವರು, ಉಸಿರು ಕಟ್ಟುವವರು ಒಬ್ಬೊಬ್ಬರಾಗಿ ತಂಗಿಯ ಮುಂದೆ ಕೂರುತ್ತಿದ್ದರು. ಡಾಕ್ಟರು ಬರೆದ ಮಾತ್ರೆ ಒಯ್ಯುತ್ತಿದ್ದರು, ಮುಂದಿನ ವಾರ ಮತ್ತೆ ಬರುತ್ತಿದ್ದರು.

ಒಂದು ದಿನ ತಂಗಿ ನಡುವಿನ ಮೇಜನ್ನು ಗೋಡೆಗೆ ಸರಿಸಿ, ಎಲ್ಲರನ್ನೂ ಒಟ್ಟಿಗೆ ಸುತ್ತ ಕೂರಿಸಿದಳು. ನಿಮಗೆ ಉಸಿರು ಕಟ್ಟುವುದು ಯಾವಾಗ ಎಂದು ಕೇಳಿದಳು. ಒಬ್ಬಳು ಹೇಳಿದಳು. ಪಕ್ಕದವಳು ಬೆಚ್ಚಿ, ನಂಗೂ ಆಗಲೇ ಎಂದಳು. ಸುತ್ತು ಮುಗಿಯುವಷ್ಟರಲ್ಲಿ ಎಲ್ಲರ ಉತ್ತರವೂ ಒಂದೇ ಆಗಿತ್ತು. ಸಂಜೆ, ಸೈರನ್‌ಗೆ ಮೊದಲು.

ಮರುದಿನ ತಿಂಡಿಯ ಹೊತ್ತಿಗೆ ತಂಗಿ ತಟ್ಟೆ ನೋಡುತ್ತಲೇ ಹೇಳಿದಳು. "ಅಕ್ಕ, ಇದು ಅವರ ತಲೆಯೊಳಗಿನ ಕಾಯಿಲೆ ಅಲ್ಲ. ಗೇಟಿನ ಕಾಯಿಲೆ."

"ನನ್ನ ಕಾಯಿಲೆ ಅಂತ ನೇರವಾಗಿ ಹೇಳಮ್ಮ."

ತಂಗಿ ನಾಲಗೆ ಕಚ್ಚಿಕೊಂಡಳು. ಮುಂದೆ ಒಂದು ಸಂಜೆ ಹೆಂಗಸರೆಲ್ಲ ತಾವೇ ಚೀಲ ನೆಲಕ್ಕೆ ಸುರಿದು, ಮೈ ಮುಟ್ಟಲು ಬಿಡುವುದಿಲ್ಲವೆಂದು ಕತ್ತಲಾಗುವವರೆಗೆ ಗೇಟಿನಲ್ಲೇ ನಿಂತರು. ತಪಾಸಣೆ ನಿಂತಿತು. ಗೇಟಮ್ಮನ ಕೆಲಸವೂ ಹೋಯಿತು, ಹೆಂಗಸರನ್ನು ಎತ್ತಿಕಟ್ಟಿದಳೆಂದು ತಂಗಿಯದೂ ಹೋಯಿತು. ತಂಗಿ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅದೇ ಹೆಂಗಸರನ್ನು ಮತ್ತೆ ಸುತ್ತ ಕೂರಿಸಿದಳು. ಅಕ್ಕತಂಗಿಯರು ಒಂದೇ ಮನೆಯಲ್ಲಿ ಉಂಡು ಮಲಗಿದರು. ಗೇಟಿನ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಆ ಶೆಡ್ಡಿನಲ್ಲಿ ನನ್ನ ಬಗ್ಗೆ ಏನು ಹೇಳುತ್ತಾಳೆ? ಎಲ್ಲರ ಜೊತೆ ಸೇರಿ ನಗುತ್ತಾಳೆಯೇ? ತಂಗಿ ಬದುಕಿದ್ದಷ್ಟು ದಿನ ಗೇಟಮ್ಮ ಇದನ್ನು ಕೇಳಲಾರದೆ ಹೋದಳು. ಇನ್ನು ಕೇಳುವುದು ಯಾರನ್ನು?

*

ಅವಳು ಮೇಜಿನ ಬಳಿ ಹೋದಳು. ಹಳೆಯ ಅಭ್ಯಾಸ, ಕಣ್ಣು ತಾನಾಗಿಯೇ ಹುಡುಕಿತು. ಒಂದು ಕತ್ತರಿ, ಬಣ್ಣಬಣ್ಣದ ಗುಂಡಿಗಳು. ಅವುಗಳ ನಡುವೆ ನೀಲಿ ದಾರ ಕಟ್ಟಿದ ಬೀಗದ ಕೈ. ಅದು ಈ ಮನೆಯದೇ, ತಂಗಿಯ ಬೀಗದ ಕೈ.

"ಕಳ್ಳಿ!" ಕೀ ಎತ್ತಿಕೊಂಡು ಕೂಗಿದಳು. "ಯಾರದಿದು? ಮುಂದೆ ಬನ್ನಿ!"

ಅಳು, ಪಿಸುಮಾತು ಎಲ್ಲ ನಿಂತವು. ಇಸ್ತ್ರಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕೀ ಸಿಕ್ಕಿದ್ದಕ್ಕಿಂತ ಗೇಟಮ್ಮ ಮೇಜಿನ ಮೇಲಿನ ವಸ್ತು ಮುಟ್ಟಿದ್ದಕ್ಕೇ ಅವರೆಲ್ಲ ಬೆಚ್ಚಿದಂತಿತ್ತು.

ಗುಂಡಿ ಅಡುಗೆಮನೆಯಿಂದ ಬಂದಳು. "ನಂದು. ಮೇಡಂ ಕೊಟ್ಟಿದ್ದು."

"ಸುಳ್ಳು! ನನ್ನ ತಂಗಿ ನಿಂಗ್ಯಾಕೆ ಕೊಡ್ತಾಳೆ?"

"ಆಸ್ಪತ್ರೆಗೆ ಸೇರಿದ ದಿನ ಕೊಟ್ರು. ನಾನು ಹೋದ್ಮೇಲೆ ಅಕ್ಕ ಒಬ್ಬಳೇ ಆಗ್ತಾಳೆ, ಸರದಿ ಮೇಲೆ ಬಂದು ನೋಡ್ಕೊಳ್ಳಿ ಅಂದ್ರು. ಮೊದಲ ಸರದಿ ನಂದು."

"ಅದಕ್ಕೇ ಬೆಳಗಿಂದ ಚಿಲಕ ಕೋಣೆ ಎಲ್ಲ ನೋಡಿದ್ರಾ? ಮತ್ತೆ ಇದೇನು ನಾಟಕ? ಮೇಜಿನ ಮೇಲೆ ಸುರಿಯೋದು! ನನ್ನ ಅಣಕಿಸೋಕೆ ತಾನೆ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ತ್ರಿಯವಳ ಮುಖ ಬಿಳುಚಿತು. "ಅಯ್ಯೋ, ರೂಢಿ ಕಣಮ್ಮ. ಶೆಡ್ಡಲ್ಲಿ ಒಳಗೆ ಬಂದೋರು ತಮ್ಮ ಚೀಲ ತಾವೇ ಸುರೀತೀವಿ. ಎದ್ದು ಹೋಗೋವರೆಗೂ ಅಲ್ಲೇ ಬಿದ್ದಿರುತ್ತೆ. ಒಬ್ಬರದ್ದನ್ನ ಇನ್ನೊಬ್ಬರು ಮುಟ್ಟಂಗಿಲ್ಲ. ಇಲ್ಲೂ ಮೇಜು ಕಂಡ್ವಿ, ಸುರಿದುಬಿಟ್ವಿ. ನಿಮ್ಮ ಯೋಚನೇನೇ ಬರಲಿಲ್ಲ."

ಗೇಟಮ್ಮ ತಂಗಿಯ ಹೊದಿಕೆಯ ಕಡೆ ತಿರುಗಿದಳು. "ಅವಳು ನನ್ನ ಬಗ್ಗೆ ಏನು ಹೇಳ್ತಿದ್ಲು?"

"ಹೇಳ್ತಿದ್ದಿದ್ದು ನಾವು," ಗುಂಡಿ ಅಂದಳು. "ನಿಮ್ಮನ್ನ ಬಯ್ಯದ ದಿನಾನೇ ಇರಲಿಲ್ಲ. ಮೇಡಂ ಸುಮ್ಮನೆ ಕೇಳೋರು. ಒಂದಿನ ತಮ್ಮ ಚೀಲ ಸುರಿದು, 'ಗೇಟಲ್ಲಿ ಇದ್ದೋಳು ನನ್ನ ಅಕ್ಕ. ನನ್ನ ಸಾಕಿದ್ದು ಅವಳೇ' ಅಂದುಬಿಟ್ರು. ನಮಗೆ ಕಪಾಳಕ್ಕೆ ಹೊಡೆದಂಗಾಯ್ತು. ಇನ್ನು ಬಯ್ಯಲ್ಲ ಅಂದ್ವಿ. 'ಬಯ್ಯಿರಿ. ಅದೂ ನಿಜಾನೇ' ಅಂದ್ರು. ಆಮೇಲೆ ಬಹಳ ಅತ್ರು."

"ಅಷ್ಟೇನಾ?"

"ಅಕ್ಕನ ಕೈನೂ ನಡುಗುತ್ತೆ, ಕೆಲಸ ಹೋದ ಮೇಲೂ ನಿಂತಿಲ್ಲ ಅಂದ್ರು. ನಾವು ನಿಮ್ಮನ್ನ ಮಾಫ್ ಮಾಡೋಕೆ ಬಂದಿಲ್ಲಮ್ಮ. ನನ್ನ ಕೈಲಿ ಅದು ಆಗಲ್ಲ. ಆದ್ರೆ ಸರದಿ ಅಂದ್ರೆ ಸರದಿ."

ಹೊರಗೆ ವಾಹನದ ಹಾರ್ನ್ ಕೇಳಿಸಿತು. ಗೇಟಮ್ಮ ಬೀಗದ ಕೈಯನ್ನು ತನ್ನ ಚೀಲದೊಳಗೆ ಹಾಕಿ, ಜಿಪ್ಪು ಎಳೆದಳು. ನಡುಗುವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

*

ತಂಗಿಯನ್ನು ಸ್ಮಶಾನದಲ್ಲಿ ಬಿಟ್ಟು ಬಂದಾಗ ಬಿಸಿಲು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಚಿಕ್ಕಪ್ಪನ ಮಗ, "ಇವತ್ತೇ ಬೀಗ ಬದಲಾಯಿಸಿಬಿಡು ಅಕ್ಕ. ಕತೆ ಚೆನ್ನಾಗಿ ಕಟ್ತಾರೆ ಇವರು" ಎನ್ನುತ್ತಲೇ ಇದ್ದ. ಗೇಟಮ್ಮ ಹ್ಞೂಂ ಎಂದಳು. ಅವನ ಮಾತಿನಲ್ಲಿ ಸುಳ್ಳಿದೆ ಎನ್ನಲೂ ಅವಳಿಗೆ ಆಗಲಿಲ್ಲ.

ಹೆಂಗಸರು ಅವಳ ಹಿಂದೆಯೇ ಬಂದು, ಬೆಳಗಿನದು ನೆನಪಾಗಿ, ಹೊಸ್ತಿಲ ಹೊರಗೇ ನಿಂತುಬಿಟ್ಟರು. ಗುಂಡಿ ಒಬ್ಬಳು ಗಟ್ಟಿ ಮನಸ್ಸು ಮಾಡಿ ಒಳಗೆ ಬಂದಳು. ಮೇಜಿನ ಮೇಲೆ ಚೀಲ ಬೋರಲು ಹಾಕಿದಳು. ಕತ್ತರಿ, ಗುಂಡಿಗಳು. ಆಮೇಲೆ ಇಸ್ತ್ರಿಯವಳ ಬಾಚಣಿಗೆ, ಕಾಲುಚೀಲ, ಮಾತ್ರೆ.

ಗೇಟಮ್ಮ ಒಬ್ಬೊಬ್ಬರ ಕೈಯನ್ನೂ ದಿಟ್ಟಿಸಿ ನೋಡಿದಳು. ಯಾರೂ ಅವಳನ್ನು ಕರೆಯಲಿಲ್ಲ, ಬಾ ಎಂದು ಕಣ್ಣಿನಲ್ಲೂ ಹೇಳಲಿಲ್ಲ.

ಅವಳು ಒಂದು ಕೈಯನ್ನು ಸೆರಗಿನೊಳಗೇ ಇಟ್ಟು, ಇನ್ನೊಂದರಿಂದ ತನ್ನ ಚೀಲದ ಜಿಪ್ಪು ತೆರೆದು ಬೋರಲು ಹಿಡಿದಳು. ಕನ್ನಡಕ ಬಿತ್ತು. ಇಸ್ತ್ರಿಯವಳದೇ ಬಣ್ಣದ ಮಾತ್ರೆಯ ಪಟ್ಟಿ ಬಿತ್ತು. ಕೊನೆಗೆ, ಮಡಿಚಿ ಮಡಿಚಿ ಹಳದಿಯಾದ ಬಿಳಿ ಕೈಗವಸುಗಳು, ಅವುಗಳ ಮೇಲೆ ನೀಲಿ ದಾರದ ಬೀಗದ ಕೈ.

ಕೈಗವಸು ಕಂಡು ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಗುಂಡಿ ಬೀಗದ ಕೈಯನ್ನು ನೋಡಿದಳು, ಆದರೆ ತೆಗೆದುಕೊಳ್ಳಲಿಲ್ಲ. ಎಲ್ಲರೂ ಕೈ ಹಿಂದೆ ಕಟ್ಟಿ ನಿಂತರು.

ಗೇಟಮ್ಮ ಸೆರಗಿನೊಳಗಿಂದ ಕೈ ಹೊರಗೆ ತೆಗೆದಳು. ಎಲ್ಲರೂ ನೋಡುತ್ತಿರುವಂತೆಯೇ ಅದು ನಡುಗಿತು. ನಡುಗುವ ಬೆರಳಿನಿಂದಲೇ ಅವಳು ಬೀಗದ ಕೈಯನ್ನು ಮೆಲ್ಲಗೆ ತಳ್ಳುತ್ತ ತಳ್ಳುತ್ತ, ಆ ಬಣ್ಣಬಣ್ಣದ ಗುಂಡಿಗಳ ನಡುವೆ ಸೇರಿಸಿದಳು.