ಗೋರಿಯ ಟೋಪಿ

ಬಸ್ಸು ದೋಣಿಯಿಂದ ಯಾಂಗ್‌ಟ್ಸಿ ಹೊಳೆಯ ಉತ್ತರ ದಡಕ್ಕೆ ಇಳಿದ ಗಳಿಗೆಯಿಂದ ಗು ಲಾನ್ ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ದಕ್ಷಿಣದ ಸುಝೌನಲ್ಲಿ ಬೆಟ್ಟವಿದೆ, ಸರೋವರವಿದೆ. ಸತ್ತವರು ಬೆಟ್ಟಕ್ಕೆ ಬೆನ್ನು ಕೊಟ್ಟು ನೀರು ನೋಡುತ್ತ ಮಲಗುತ್ತಾರೆ. ಇಲ್ಲೇನಿದೆ? ಸಮುದ್ರ ಉಗುಳಿದ ಉಪ್ಪು ಕೆಸರು, ಕಾವಲಿಯಂಥ ಬಯಲು. ಎರಡೂ ಸೇರಿ ಒಂದೇ ಜಿಯಾಂಗ್ಸು ಪ್ರಾಂತವಂತೆ! ನಕ್ಷೆ ಬರೆದವನಿಗೆ ಮೂಗಿರಲಿಲ್ಲವೋ ಏನೋ.

ಈ ಬಯಲಿನವನನ್ನೇ ಮೆಚ್ಚಿ ಮಗಳು ಯೂನ್ ಹೊಳೆ ದಾಟಿದ್ದಳು. ಹೋದ ಚಳಿಗಾಲ ಜ್ವರ ಬಂದು ಇಲ್ಲೇ ತೀರಿಕೊಂಡಳು. ಅವಳ ಬೂದಿಯ ಕರಂಡವನ್ನು ಅಗೆಸಿ, ತಾನೇ ಕಸೂತಿ ಹಾಕಿದ ರೇಷ್ಮೆಯಲ್ಲಿ ಸುತ್ತಿ, ಊರ ಬೆಟ್ಟಕ್ಕೆ ಒಯ್ಯಲೆಂದೇ ಗು ಲಾನ್, ಗೋರಿಗಳಿಗೆ ಪೂಜೆ ಮಾಡುವ ಚಿಂಗ್‌ಮಿಂಗ್ ಹಬ್ಬದ ದಿನ ಬಂದಿದ್ದಳು.

ಅಳಿಯ ಮುಖ ತೋರಿಸುವ ಧೈರ್ಯವಿಲ್ಲದೆ ಮನೆಯಲ್ಲೇ ಉಳಿದ. ಅವನ ತಂದೆ, ಮುದುಕ ಬ್ಯೆನ್, ಗುದ್ದಲಿ ಹಿಡಿದು ಬದುವಿನ ಮೇಲೆ ಮುಂದೆ ನಡೆದ.

"ಊಟ ಮಾಡ್ಕೊಂಡು ಬರಬೋದಿತ್ತು, ಬೀಗಿತ್ತಿಯವರೇ."

"ನಿಮ್ಮ ಕಡೆ ಊಟ ಅಂದ್ರೆ ಉಪ್ಪು, ನೆಂಚಿಕೊಳ್ಳೋಕೆ ಇನ್ನಷ್ಟು ಉಪ್ಪು."

"ನೀವು ಮೀನಿಗೂ ಸಕ್ಕರೆ ಸುರಿಯೋರು. ಪಾಪ, ಮೀನು ಸತ್ತಮೇಲೂ ನಾಚ್ಕೊಳ್ಳತ್ತೆ."

ಯೂನ್‌ಳ ಗೋರಿಯೆಂದರೆ ಒಂದು ಮಣ್ಣಗುಪ್ಪೆ. ಅದರ ನೆತ್ತಿಯ ಮೇಲೆ ಹುಲ್ಲಂಟಿದ ಹಸಿಮಣ್ಣಿನ ಹೆಂಟೆ, ಯಾರೋ ಗುದ್ದಲಿ ಕೊಡವಿ ಹೋದ ಹಾಗೆ.

"ಕಸ ಹಾಕೋಕೆ ನನ್ನ ಮಗಳ ತಲೆಯೇ ಬೇಕಿತ್ತಾ ನಿಮಗೆ?" ಎಂದು ಗು ಲಾನ್ ಕೊಡೆಯ ತುದಿಯಿಂದ ಅದನ್ನು ನೂಕಿದಳು. ಹೆಂಟೆ ಉರುಳಿ ಒಡೆಯಿತು. ಅದರಡಿಯ ಹಳದಿ ಪೂಜಾಕಾಗದ ಗಾಳಿಗೆ ಹಾರಿತು.

ಮುದುಕ ಬಗ್ಗಿ ಒಡೆದ ಚೂರುಗಳನ್ನು ಒಂದೆಡೆ ಕೂಡಿಸಿದ.

"ಕಸ ಅಲ್ಲ ತಾಯಿ, ಅದು ಟೋಪಿ. ವರ್ಷ ವರ್ಷ ಈ ಹಬ್ಬಕ್ಕೆ ಹೊಸ ಮಣ್ಣು ಕಡಿದು ಇಡ್ತೀವಿ. ಟೋಪಿ ಇಲ್ಲ ಅಂದ್ರೆ, ಇವರಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಲೆಕ್ಕ."

ಗು ಲಾನ್ ಸುತ್ತ ನೋಡಿದಳು. ಬಯಲಿನ ಗೋರಿಗಳೆಲ್ಲ ಟೋಪಿ ಇಟ್ಟುಕೊಂಡು ಕೂತಿದ್ದವು. ಹೆತ್ತ ತಾಯಿ ಬಂದ ದಿನವೇ ಯೂನ್ ಬರಿತಲೆಯಲ್ಲಿದ್ದಳು. ಜಪಮಣಿ ಹಿಡಿದು ಕರುಣೆಯ ದೇವಿ ಗುವಾನ್‌ಯಿನ್ ತಾಯಿಯನ್ನು ಕರೆಯಹೋದವಳು ಮಣಿಯನ್ನು ಬದಿಗಿಟ್ಟು ಕೈ ಚಾಚಿದಳು.

"ಗುದ್ದಲಿ ಕೊಡಿ."

"ಅಗೆದು ಒಯ್ಯೋಕಾ?" ಮುದುಕನ ಕೈ ಹಿಂದೆ ಸರಿಯಿತು.

"ಟೋಪಿಗೆ. ಅಲ್ಲಿ ಬೆಟ್ಟ ಇದೆ, ನಿಜ. ನಾನು ಸತ್ತಮೇಲೆ ಅವಳನ್ನ ನೋಡೋಕೆ ಅದನ್ನ ಹತ್ತಿ ಬರೋರು ಯಾರೂ ಇಲ್ಲ."

ಕಾಲುವೆಯಂಚಿನಲ್ಲಿ ಅವಳು ಕಡಿದ ಹೆಂಟೆಗಳು ಪುಡಿಪುಡಿಯಾದವು. ಕಡೆಗೆ ಒಂದು ನಿಂತಿತು. ಅದನ್ನು ಕಸೂತಿಯ ರೇಷ್ಮೆಯಲ್ಲಿ ಸುತ್ತಿ, ಎದೆಗವಚಿ ತಂದು ಮಗಳ ನೆತ್ತಿಗಿಟ್ಟಳು.

"ವಾಲಿದೆ," ಎಂದ ಮುದುಕ.

"ನಿಮ್ಮ ಮಣ್ಣಿಗೆ ಬೆನ್ನೆಲುಬಿಲ್ಲ. ಬರೋ ವರ್ಷ ನೀವು ಇದಕ್ಕಿಂತ ಎತ್ತರಕ್ಕೆ ಕಡೀಬೇಕು. ಬೆಟ್ಟದ ಊರಿನ ಹುಡುಗಿ ಅವಳು."